ಮಂಡಿ ಆಪರೇಷನ್ ಆದಮೇಲೆ ಹೋಗಿದ್ದ ಮೈಸೂರಿನ ಕುವೆಂಪುನಗರದ ಫಿಸಿಯೋಥೆರಪಿ ಸೆಂಟರ್: ನನ್ನ ಅನುಭವ

ಮಂಡಿ ಬದಲಿಸುವ ಆಪರೇಷನ್ ಮಾಡಿಸಿಕೊಂಡವರು, ಮಾಡಿಸಬೇಕು ಅಂತಿರುವವರು, ಅಪ್ಪ ಅಮ್ಮನಿಗೆ ಮಾಡಿಸಿ ಮುಂದೇನು ಅಂತ ಗೊತ್ತಾಗದೆ ಇರುವವರು ದಯವಿಟ್ಟು ಪೂರ್ತಿ ಓದಿ. ಸ್ವಲ್ಪ ಉದ್ದ ಆಗುತ್ತದೆ. ಈ ಸೆಂಟರ್‌ಗೆ ಐದು ಸ್ಟಾರ್ ಕೊಟ್ಟಿದ್ದೇನೆ. ಕುಂದುಗಳೂ ಇವೆ, ಅವನ್ನೂ ಬರೆದಿದ್ದೇನೆ.

ನಾನು ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿದ್ದವನು. ಸರ್ವಿಸಿನ ಬಹುಪಾಲು ಮೈಸೂರು, ಮಂಡ್ಯ, ಮದ್ದೂರು ಲೈನಿನಲ್ಲೇ ಕಳೆಯಿತು. ರಿಟೈರ್ ಆಗುವ ಹೊತ್ತಿಗೆ ಬಲಮಂಡಿ ಸವೆದುಹೋಗಿತ್ತು. ನಿಂತು ನಿಂತೇ ಹೀಗಾಯ್ತಾ ಅಂತ ಕೇಳಿದ್ದಕ್ಕೆ, ಅದೊಂದೇ ಅಲ್ಲ, ವಯಸ್ಸು, ತೂಕ, ಮನೆತನ ಎಲ್ಲವೂ ಸೇರುತ್ತದೆ ಅಂದರು ಡಾಕ್ಟರು. ಮೈ ತೂಕ ಒಂದು ಕೆಜಿ ಇಳಿದರೆ ನಡೆಯುವಾಗ ಮಂಡಿ ಮೇಲೆ ಬೀಳುವ ಭಾರ ಪ್ರತಿ ಹೆಜ್ಜೆಗೂ ನಾಲ್ಕು ಕೆಜಿಯಷ್ಟು ಇಳಿಯುತ್ತದಂತೆ. ಕೆಲವು ವರ್ಷ ಮಾತ್ರೆ, ಇಂಜೆಕ್ಷನ್ನು, ಎಣ್ಣೆ ಅಂತ ತಳ್ಳಿದೆ. ರಾತ್ರಿ ಮಲಗಿದರೂ ನೋವು ಬಿಡದೆ ಹೋದಾಗ ಆಪರೇಷನ್‌ಗೆ ಒಪ್ಪಿಕೊಂಡೆ.

ಆಪರೇಷನ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಅದು ಚೆನ್ನಾಗಿ ಆಯಿತು. ಒಂದು ಮಾತು ಮಾತ್ರ ಹೇಳುತ್ತೇನೆ, ಯಾಕೆಂದರೆ ನಮ್ಮ ಬೀದಿಯಲ್ಲಿ ಸುಮಾರು ಜನ ಮಂಡಿಯನ್ನೇ ಪೂರ್ತಿ ಕತ್ತರಿಸಿ ಕಬ್ಬಿಣದ್ದು ಇಡುತ್ತಾರೆ ಅಂದುಕೊಂಡು ಹೆದರಿ ಕೂತಿದ್ದಾರೆ. ಹಾಗಲ್ಲ. ತೊಡೆಮೂಳೆಯ ಕೆಳತುದಿ, ಕಾಲುಮೂಳೆಯ ಮೇಲ್ತುದಿ, ಎರಡರಲ್ಲೂ ಸವೆದ ಭಾಗವನ್ನು ಒಂದು ಸೆಂಟಿಮೀಟರ್ ಆಸುಪಾಸು ಕೊಯ್ದು ತೆಗೆದು ಲೋಹದ ಹೊದಿಕೆ ಕೂರಿಸುತ್ತಾರೆ. ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಪದರ. ಹಲ್ಲಿಗೆ ಕ್ಯಾಪ್ ಹಾಕಿದ ಹಾಗೆ. ಸುತ್ತಲಿನ ಸ್ನಾಯು ಎಲ್ಲಾ ನಮ್ಮದೇ, ಹಳೆಯದೇ. ವರ್ಷಗಟ್ಟಲೆ ನೋವಿಗೆ ಹೆದರಿ ಸರಿಯಾಗಿ ಬಳಸದೆ ಸೋತುಹೋದ ಸ್ನಾಯು. ಸರ್ಜನ್ ಕೀಲು ಹೊಸದು ಕೊಡುತ್ತಾರೆ, ಸ್ನಾಯು ಹೊಸದು ಕೊಡಲು ಆಗುವುದಿಲ್ಲ. ಫಿಸಿಯೋಥೆರಪಿಯ ಕೆಲಸ ಇರುವುದೇ ಅಲ್ಲಿ.

ಈ ಸೆಂಟರಿನವರು ಮೊದಲ ಕೆಲವು ವಾರ ಮನೆಗೆ ಬರುತ್ತಾರೆ. ಆಮೇಲೆ ನಾವು ಅಲ್ಲಿಗೆ ಹೋಗಬೇಕು. ನಮ್ಮನೆಗೆ ಬಂದದ್ದು ಮದ್ದೂರು ಕಡೆಯ ಹೆಣ್ಣುಮಗಳು. ನನ್ನ ಮಗಳಿಗಿಂತ ಚಿಕ್ಕ ವಯಸ್ಸು. ಒಳಗೆ ಬಂದವರು ಕಾಲು ನೋಡುವುದಕ್ಕೆ ಮುಂಚೆ ಮನೆ ನೋಡಿದರು. ಮಂಚ ಎಷ್ಟು ಎತ್ತರ, ಬಚ್ಚಲಿಗೆ ಹೋಗುವಲ್ಲಿ ಮೆಟ್ಟಿಲು ಇದೆಯಾ, ರಾತ್ರಿ ಎದ್ದರೆ ಲೈಟಿನ ಸ್ವಿಚ್ ಕೈಗೆ ಸಿಗುತ್ತದಾ. ಹಾಲ್‌ನಲ್ಲಿ ಹಾಸಿದ್ದ ಕಾಲೊರೆಸುವ ಮ್ಯಾಟ್ ಎತ್ತಿಸಿದರು, ವಾಕರ್ ಕಾಲಿಗೆ ಸಿಕ್ಕರೆ ಬೀಳುತ್ತೀರಿ ಅಂತ. ನಾನು ಕೂತಿದ್ದ ಪ್ಲಾಸ್ಟಿಕ್ ಕುರ್ಚಿ ತಗ್ಗಾಯಿತು, ಕೈ ಇರುವ ಎತ್ತರದ ಕುರ್ಚಿ ಬೇಕು ಅಂದರು. ನಮ್ಮನೆಯವರು ಅಂಗಡಿಗೆ ಹೋಗಿ ಹೊಸದು ತರಬೇಕಾ ಅಂತ ಕೇಳಿದರೆ, ಬೇಡಮ್ಮ, ಇರೋದರ ಮೇಲೆ ಇನ್ನೊಂದು ಅದೇ ಥರದ ಕುರ್ಚಿ ಜೋಡಿಸಿ ಅಂದರು. ಎರಡು ಪ್ಲಾಸ್ಟಿಕ್ ಕುರ್ಚಿ ಒಂದರೊಳಗೊಂದು ಕೂರಿಸಿದರೆ ಎತ್ತರವೂ ಆಯಿತು, ಅಲ್ಲಾಡದೆ ಗಟ್ಟಿಯೂ ಆಯಿತು.

ಆಮೇಲೆ ಕೇಳಿದರು. "ಸಾರ್, ಈ ಕಾಲಲ್ಲಿ ನೀವು ಏನೇನು ಮಾಡ್ಬೇಕು ಅಂತಿದ್ದೀರಾ?"

"ನೋವು ಹೋದ್ರೆ ಸಾಕು ಕಣಮ್ಮ."

"ನೋವು ಹೋಗುತ್ತೆ ಸಾರ್. ಮುಂಚೆ ಮಾಡ್ತಿದ್ದದ್ದು, ಈಗ ಮಾಡಕ್ಕಾಗದೆ ಇರೋದು ಏನು, ಅದು ಹೇಳಿ."

ಸ್ವಲ್ಪ ಯೋಚನೆ ಮಾಡಿ ಹೇಳಿದೆ. ಪಾಂಡವಪುರದ ಕಡೆ ನಮ್ಮೂರು, ಮಗನ ಕಾರಿಗೆ ಕಾಯದೆ ಬಸ್ಸಿನಲ್ಲಿ ಹೋಗಿ ಬರಬೇಕು. ಊರಲ್ಲಿ ಗದ್ದೆ ಬದುವಿನ ಮೇಲೆ ನಡೆಯಬೇಕು. ಕುಕ್ಕರಹಳ್ಳಿ ಕೆರೆಯನ್ನು ಒಂದು ಸುತ್ತು ಪೂರ್ತಿ ಹಾಕಬೇಕು. ಅದನ್ನೆಲ್ಲ ಫೈಲಿನ ಮೊದಲ ಪುಟದಲ್ಲಿ ಕನ್ನಡದಲ್ಲೇ ಬರೆದುಕೊಂಡರು. ಆಮೇಲೆ ಮಾಡಿಸಿದ ಒಂದೊಂದು ವ್ಯಾಯಾಮವೂ ಆ ಪುಟಕ್ಕೇ ಸೇರಿದ್ದು. ನಾನು ಈ ಸೆಂಟರನ್ನು ಇಷ್ಟು ಹೊಗಳುವುದಕ್ಕೆ ಮುಖ್ಯ ಕಾರಣ ಇದೇ. ನೋವು ಹೋಗುವುದು ಒಂದು ಲೆಕ್ಕ, ಕಾಲು ಕೆಲಸಕ್ಕೆ ಬರುವುದು ಇನ್ನೊಂದು ಲೆಕ್ಕ. ಇವರು ಎರಡನ್ನೂ ಬೇರೆ ಬೇರೆ ಇಟ್ಟು ನೋಡುತ್ತಾರೆ.

ಮೊದಲ ವಾರಗಳಲ್ಲಿ ಎಲ್ಲರ ಗಮನ ಮಂಡಿ ಎಷ್ಟು ಮಡಚುತ್ತದೆ ಅನ್ನುವುದರ ಮೇಲೆ ಇರುತ್ತದೆ. ನೋಡಲು ಬಂದ ನೆಂಟರೂ ಅದನ್ನೇ ಕೇಳುತ್ತಾರೆ. ಇವರು ಅದಕ್ಕಿಂತ ಮುಂಚೆ ಕಾಲು ನೆಟ್ಟಗೆ ಆಗಬೇಕು ಅಂತ ಹಟ ಹಿಡಿದರು. ನಮ್ಮತ್ತಿಗೆ ಪಾಪ, ಪ್ರೀತಿಯಿಂದ ಮಂಡಿ ಕೆಳಗೆ ದಿಂಬು ಇಟ್ಟು ಹೋಗಿದ್ದರು. ಹಾಗಿಟ್ಟರೆ ಹಾಯಾಗಿರುತ್ತಿತ್ತು. ಈ ಹುಡುಗಿ ಬಂದವರೇ ದಿಂಬು ತೆಗೆದು, ಟವೆಲ್ ಸುತ್ತಿ ಹಿಮ್ಮಡಿ ಕೆಳಗೆ ಇಟ್ಟರು. ಮಂಡಿ ಹಿಂಭಾಗ ಗಾಳಿಯಲ್ಲಿ, ಕೆಳಗೆ ಏನೂ ಇಲ್ಲ. ಕಾಲು ತನ್ನ ಭಾರಕ್ಕೇ ನೆಟ್ಟಗಾಗಲಿ ಅಂತ. ಎಳೆತ ತಡೆಯಲು ಆಗುತ್ತಿರಲಿಲ್ಲ. ಕಾರಣವನ್ನೂ ಬಿಡಿಸಿ ಹೇಳಿದರು: ಕೀಲಿನೊಳಗೆ ಊತ ಇರುವಾಗ ಸ್ವಲ್ಪ ಮಡಚಿ ಇಟ್ಟರೆ ಒಳಗೆ ಜಾಗ ಜಾಸ್ತಿ ಸಿಗುತ್ತದೆ, ಅದಕ್ಕೇ ಹಿತ ಅನ್ನಿಸುವುದು. ಆದರೆ ಹಾಗೇ ಬಿಟ್ಟರೆ ಹಿಂಭಾಗ ಬಿಗಿದುಕೊಳ್ಳುತ್ತದೆ. ಆಮೇಲೆ ಕಾಲು ಪೂರ್ತಿ ನೆಟ್ಟಗೆ ಆಗದೆ ಕುಂಟು ಉಳಿಯುತ್ತದೆ, ಪ್ರತಿ ಹೆಜ್ಜೆಗೂ ತೊಡೆ ದಣಿಯುತ್ತದೆ.

ಮಡಚುವುದಕ್ಕೆ ಹಿಮ್ಮಡಿಯನ್ನು ಹಾಸಿಗೆ ಮೇಲೆ ಜಾರಿಸಿ ಹತ್ತಿರಕ್ಕೆ ಎಳೆದುಕೊಳ್ಳುವುದು, ಕುರ್ಚಿ ಮೇಲೆ ಕೂತು ಪಾದ ಹಿಂದಕ್ಕೆ ಸರಿಸುವುದು. ಅಳೆಯಲು ಎರಡು ಕೈ ಇರುವ ಒಂದು ಪ್ಲಾಸ್ಟಿಕ್ ಕೋನಮಾಪಕ ಅವರ ಬ್ಯಾಗಿನಲ್ಲೇ ಇರುತ್ತದೆ. ಬರಿಯ ಅಂಕಿ ಹೇಳಿದ್ದರೆ ನನಗೆ ತಲೆಗೆ ಹತ್ತುತ್ತಿರಲಿಲ್ಲ. ಅವರು ಹೀಗೆ ಹೇಳಿದರು: ಸಮನೆಲದಲ್ಲಿ ನಡೆಯಲು 65, 70 ಡಿಗ್ರಿ ಸಾಕು. ಮೆಟ್ಟಿಲು ಹತ್ತಿ ಇಳಿಯಲು 90ರಿಂದ 100 ಬೇಕು. ತಗ್ಗಿನ ಕುರ್ಚಿಯಿಂದ ಏಳಲು 105ರ ತನಕ ಬೇಕಾಗಬಹುದು. ಎರಡನೇ ವಾರದ ಹೊತ್ತಿಗೆ 90ಕ್ಕೆ ಬಂದರೆ ದಾರಿ ಸರಿಯಿದೆ ಅಂತ ಅರ್ಥ. ಮೂರು ತಿಂಗಳಲ್ಲಿ 110, 120 ಬಂದರೆ ತುಂಬಾ ಒಳ್ಳೆಯದು. ಆಪರೇಷನ್‌ಗೆ ಮುಂಚೆ ಮಂಡಿ ಎಷ್ಟು ಮಡಚುತ್ತಿತ್ತು ಅನ್ನುವುದರ ಮೇಲೂ ಇದು ನಿಂತಿರುತ್ತದೆ. ಆದ್ದರಿಂದ ಪಕ್ಕದ ಮನೆಯವರ ಅಂಕಿ ಕೇಳಿ ಹೋಲಿಸಿಕೊಂಡು ಕೊರಗಬೇಡಿ.

ಇನ್ನು ನೋವು. ಯಾರೂ ನಮಗೆ ಸರಿಯಾಗಿ ಹೇಳದೆ ಬಿಡುವುದು ಇದನ್ನೇ. ಮೊದಲ ಎರಡು ವಾರ ನೋವು ಜೋರು. ಹಗಲು ಹೇಗೋ ಕಳೆಯುತ್ತದೆ, ರಾತ್ರಿ ನಿದ್ದೆ ಬರುವುದಿಲ್ಲ. ಎಷ್ಟೋ ಜನ ಆ ರಾತ್ರಿಗಳಲ್ಲೇ, ಯಾಕಾದರೂ ಮಾಡಿಸಿಕೊಂಡೆನೋ ಅಂತ ಅಳುತ್ತಾರೆ. ಇವರು ಮೊದಲ ದಿನವೇ ಕೂರಿಸಿಕೊಂಡು ಮುಂದಿನದ್ದನ್ನೆಲ್ಲ ಹೇಳಿದರು. ಮೊದಲ ಮೂರು ತಿಂಗಳಲ್ಲಿ ನೋವು ಬಹಳಷ್ಟು ಇಳಿಯುತ್ತದೆ. ಊತ ಮೂರರಿಂದ ಆರು ತಿಂಗಳು ಬಂದು ಹೋಗಿ ಮಾಡಬಹುದು. ಮುಟ್ಟಿದರೆ ಇನ್ನೊಂದು ಮಂಡಿಗಿಂತ ಬಿಸಿ ಅನ್ನಿಸುವುದು ಕೆಲವು ತಿಂಗಳು ಇರುತ್ತದೆ, ಅದೊಂದೇ ಇದ್ದರೆ ಹೆದರಬೇಡಿ. ಗಾಯದ ಹೊರಮಗ್ಗುಲಲ್ಲಿ ಅಂಗೈಯಗಲ ಜಾಗದಲ್ಲಿ ಸ್ಪರ್ಶ ಗೊತ್ತಾಗುವುದಿಲ್ಲ, ಚರ್ಮದ ಸಣ್ಣ ನರ ಕೊಯ್ದು ಹೋಗಿರುತ್ತದೆ. ಅದು ನಿಧಾನಕ್ಕೆ ಕಡಿಮೆ ಆಗುತ್ತದೆ, ಸ್ವಲ್ಪ ಉಳಿದರೂ ನಡಿಗೆಗೆ ತೊಂದರೆ ಇಲ್ಲ. ನಡೆಯುವಾಗ ಟಕ್ ಅಂತ ಸದ್ದು ಬರಬಹುದು, ಲೋಹಕ್ಕೆ ಪ್ಲಾಸ್ಟಿಕ್ ತಾಗುವ ಸದ್ದು. ನನಗೆ ಇವೆಲ್ಲ ಒಂದೊಂದೇ ಬಂತು. ಮೊದಲೇ ಹೇಳಿದ್ದರಿಂದ ಯಾವುದಕ್ಕೂ ಗಾಬರಿ ಆಗಲಿಲ್ಲ. ನಮ್ಮನೆಯವರಿಗಂತೂ ಅರ್ಧ ಚಿಂತೆ ಅಲ್ಲೇ ಕಳೆಯಿತು.

ಎಷ್ಟು ನೋವು ಸರಿ, ಎಷ್ಟು ಜಾಸ್ತಿ ಅಂತ ತಿಳಿಯಲು ಒಂದು ಸುಲಭದ ಗುರುತು ಹೇಳಿಕೊಟ್ಟರು. ವ್ಯಾಯಾಮ ಮಾಡಿದ ಮೇಲೆ ನೋವು ಬಂದು ಮಾರನೆ ಬೆಳಿಗ್ಗೆ ಹೊತ್ತಿಗೆ ಮೊದಲಿನಷ್ಟಕ್ಕೆ ಇಳಿದರೆ ಸರಿ. ಮಾರನೆ ದಿನ ಮಂಡಿ ಇನ್ನೂ ಊದಿದ್ದರೆ ಹಿಂದಿನ ದಿನ ಜಾಸ್ತಿ ಆಯಿತು, ಅವತ್ತು ಅರ್ಧಕ್ಕೆ ಇಳಿಸಬೇಕು, ಪೂರ್ತಿ ನಿಲ್ಲಿಸಬಾರದು. ಡಾಕ್ಟರು ಬರೆದ ನೋವಿನ ಮಾತ್ರೆಯನ್ನು ವ್ಯಾಯಾಮಕ್ಕೆ ಅರ್ಧ, ಮುಕ್ಕಾಲು ಗಂಟೆ ಮುಂಚೆ ತೆಗೆದುಕೊಳ್ಳುವ ಹಾಗೆ ಹೊತ್ತು ಹೊಂದಿಸಿಕೊಟ್ಟರು. ಮಾತ್ರೆ ಹೆಚ್ಚು ಕಡಿಮೆ ಮಾಡುವ ಮಾತೇ ಆಡಲಿಲ್ಲ, ಅದು ಸರ್ಜನ್ ಕೆಲಸ ಅಂದರು. ಐಸ್ ಇಡುವುದು 15, 20 ನಿಮಿಷ, ಚರ್ಮಕ್ಕೆ ನೇರ ತಾಗದ ಹಾಗೆ ಬಟ್ಟೆ ಸುತ್ತಿ. ಬಿಸಿನೀರಿನ ಶಾಖ ಕೊಡಿ ಅಂತ ನಮ್ಮಣ್ಣ ಫೋನಿನಲ್ಲಿ ಹೇಳುತ್ತಲೇ ಇದ್ದ. ಊತ ಇರುವಾಗ ಬೇಡ ಅಂತ ಇವರೇ ಅಣ್ಣನ ಜೊತೆ ಮಾತಾಡಿ ತಿಳಿಸಿದರು. ಆ ತಾಳ್ಮೆಗೆ ನಾನು ಋಣಿ.

ತಡಮಾಡದೆ ಆಸ್ಪತ್ರೆಗೆ ಓಡಬೇಕಾದ ಗುರುತುಗಳನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದರು. ಮೀನಖಂಡದಲ್ಲಿ ನೋವು, ಹೊಸದಾಗಿ ಊತ. ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆನೋವು. ಗಾಯದಿಂದ ನೀರೋ ಕೀವೋ ಸೋರುವುದು, ಜ್ವರ, ಕೆಂಪು ಹರಡುವುದು. ರಕ್ತ ಹೆಪ್ಪುಗಟ್ಟದೆ ಇರಲಿ ಅಂತ ಮಾತ್ರೆ ಕೊಟ್ಟಿರುತ್ತಾರೆ, ಅದನ್ನು ತಪ್ಪಿಸಬಾರದು. ಕೂತಾಗ, ಮಲಗಿದಾಗ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರುವುದೂ ಅದಕ್ಕೇ. ಆ ಚೀಟಿ ಇವತ್ತಿಗೂ ತೆಗೆದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕೆಲವು ವಾರ ಕಳೆದ ಮೇಲೆ ನನ್ನ ನೋವು ಆಪರೇಷನ್‌ಗೆ ಮುಂಚೆ ಇದ್ದದ್ದಕ್ಕಿಂತ ಎಷ್ಟೋ ಕಡಿಮೆ ಆಗಿತ್ತು. ಮನೆಯಲ್ಲಿ ಎಲ್ಲರಿಗೂ ಖುಷಿ. ಇನ್ನು ಫಿಸಿಯೋ ಸಾಕಲ್ವಾ ಅಂತ ಮಾತು ಬಂತು. ಬಹಳ ಜನ ಬಿಟ್ಟುಬಿಡುವುದು ಇಲ್ಲೇ. ನಮ್ಮೂರಿನಲ್ಲಿ ನಮ್ಮ ಭಾವನವರೂ ಹಾಗೇ ಬಿಟ್ಟರು. ನೋವು ಇಲ್ಲ, ನಿಜ. ಆದರೆ ಇವತ್ತಿಗೂ ಕಂಬ ಹಿಡಿಯದೆ ಜಗುಲಿಯಿಂದ ಎದ್ದೇಳುವುದಿಲ್ಲ, ಬಸ್ ಸ್ಟಾಪಿಗೆ ಹೋಗಬೇಕೆಂದರೆ ಯಾರಾದರೂ ಬೈಕಿನಲ್ಲಿ ಬಿಡಬೇಕು.

ಸೆಂಟರಿನಲ್ಲಿ ಆವತ್ತು ನನಗೆ ಒಂದು ಪರೀಕ್ಷೆ ಮಾಡಿದರು. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಮತ್ತೆ ಕೂರಬೇಕು. ಮೊಬೈಲಿನಲ್ಲಿ ಹೊತ್ತು ಹಿಡಿಯುತ್ತಾರೆ. ನನ್ನ ವಯಸ್ಸಿನ ಗಟ್ಟಿ ಆಳು ಹತ್ತು ಸೆಕೆಂಡಿನೊಳಗೆ ಮುಗಿಸುತ್ತಾನೆ. ನಾನು ಅದರ ಎರಡರಷ್ಟು ತೆಗೆದುಕೊಂಡೆ. ಇನ್ನೊಂದು, ಕೈಗಳನ್ನು ಎದೆಗೆ ಕಟ್ಟಿಕೊಂಡು ಅರ್ಧ ನಿಮಿಷದಲ್ಲಿ ಎಷ್ಟು ಸಲ ಕೂತು ಏಳುತ್ತೀರಿ ಅಂತ. ಎದ್ದಾಗಲೆಲ್ಲ ನನ್ನ ಭಾರ ಪೂರ್ತಿ ಎಡಗಾಲಿಗೆ ಹೋಗುತ್ತಿತ್ತು. ನನಗೆ ಅದು ಗೊತ್ತೇ ಆಗಿರಲಿಲ್ಲ. ಎದುರಿಗೆ ನಿಲುಗನ್ನಡಿ ಇಟ್ಟು ತೋರಿಸಿದಾಗ ಕಂಡಿತು, ಸೊಂಟವೇ ಎಡಕ್ಕೆ ವಾಲಿತ್ತು.

ಆಮೇಲೆ ಬೆಂಚಿನ ಮೇಲೆ ಮಲಗಿಸಿ ನನ್ನದೇ ಎರಡು ಅಂಗೈಯನ್ನು ಎರಡು ತೊಡೆ ಮೇಲೆ ಇಡಿಸಿದರು, ಮಂಡಿಗಿಂತ ನಾಲ್ಕು ಬೆರಳು ಮೇಲಕ್ಕೆ. "ಎರಡೂ ಕಾಲು ಒಟ್ಟಿಗೆ ಬಿಗಿ ಹಿಡೀರಿ ಸಾರ್." ಎಡತೊಡೆ ಕಲ್ಲಿನಂತೆ ಆಯಿತು. ಬಲದ್ದು ಅಂಗೈ ಕೆಳಗೆ ಸುಮ್ನೆ ಒಂದು ಸಲ ಅಲುಗಿ ಮೆತ್ತಗಾಯಿತು. ನಾನು ಹಲ್ಲು ಕಚ್ಚಿ ಹಿಡಿದರೂ ಅಷ್ಟೇ. ಮಂಡಿಯಲ್ಲಿ ಊತ, ನೋವು ಇದ್ದಾಗ ಮೈ ತಾನಾಗಿಯೇ ಆ ಸ್ನಾಯುವಿಗೆ ಹೋಗುವ ಆಜ್ಞೆಯನ್ನು ತಡೆಯುತ್ತದಂತೆ. ಸ್ನಾಯು ಸಣ್ಣಗಾಗುವುದು ಒಂದು ಕಡೆ, ಇರುವ ಸ್ನಾಯುವಿಗೂ ಹೇಳಿದ್ದು ಕೇಳಿಸದೆ ಇರುವುದು ಇನ್ನೊಂದು ಕಡೆ. ಆಪರೇಷನ್ ಆದ ಮೊದಲ ತಿಂಗಳಲ್ಲಿ ತೊಡೆ ಮುಂಭಾಗದ ಬಲ ಮುಂಚಿನದರ ಅರ್ಧಕ್ಕಿಂತಲೂ ಕೆಳಗೆ ಇಳಿಯುತ್ತದೆ ಅಂತ ಹೇಳಿದರು. ನೋವು ಇಳಿಯುತ್ತಿರುವ ಹೊತ್ತಿನಲ್ಲೇ ಬಲವೂ ಇಳಿದಿರುತ್ತದೆ. ನಮಗೆ ನೋವು ಮಾತ್ರ ಗೊತ್ತಾಗುತ್ತದೆ, ಬಲ ಹೋದದ್ದು ಗೊತ್ತಾಗುವುದಿಲ್ಲ. ಅದನ್ನು ವಾಪಸ್ ಕಟ್ಟುವುದು ತಿಂಗಳುಗಟ್ಟಲೆಯ ಕೆಲಸ, ಒಂದು ವರ್ಷದ ತನಕವೂ ಸುಧಾರಿಸುತ್ತಾ ಹೋಗುತ್ತದೆ.

ಅವತ್ತು ನನ್ನ ಕೈಯಿಂದ ತೊಡೆಯನ್ನು ನಾನೇ ಮುಟ್ಟಿ ನೋಡಿದ್ದು ಮರೆಯುವುದಿಲ್ಲ. ಮನೆಗೆ ಬಂದು ಮಗನಿಗೂ ಮುಟ್ಟಿಸಿದೆ. ಸಾಕಲ್ವಾ ಅನ್ನುವ ಮಾತು ಅಲ್ಲಿಗೆ ನಿಂತಿತು.

ಮಿಷನ್ನುಗಳ ಬಗ್ಗೆ ಬರೆಯಲೇಬೇಕು. ಇಲ್ಲಿಗೆ ಸೇರುವುದಕ್ಕೆ ಮುಂಚೆ ಇನ್ನೊಂದು ಕಡೆ ವಿಚಾರಿಸಿದ್ದೆವು. ಹೆಸರು ಬೇಡ. ಅಲ್ಲಿ ಕಾಲನ್ನು ತಾನಾಗಿಯೇ ಮಡಚಿ ಬಿಡಿಸುವ ಮಿಷನ್ ಮನೆಗೆ ಬಾಡಿಗೆಗೆ ಕೊಡುತ್ತೇವೆ, ಅದರ ಜೊತೆಗೆ ದಿನಾ ಕರೆಂಟ್ ಹಿಡಿಯುತ್ತೇವೆ ಅಂತ ಒಂದು ದೊಡ್ಡ ಪ್ಯಾಕೇಜ್ ಹೇಳಿದರು. ಕೈಯಿಂದ ಮಾಡಿಸುವ ವ್ಯಾಯಾಮ ಹತ್ತೇ ನಿಮಿಷ. ಮಗ ಹುಡುಕಿ ನೋಡಿದ. ಆ ಮಡಚುವ ಮಿಷನ್ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ತೂಗಿದ ಕಾಕ್ರೇನ್ ಅನ್ನುವ ಸಂಸ್ಥೆಯ ಪರಿಶೀಲನೆ 2014ರಲ್ಲಿ ಬಂದಿದೆ. ನೋವಿಗಾಗಲಿ, ಮಡಚುವುದಕ್ಕಾಗಲಿ, ಓಡಾಟಕ್ಕಾಗಲಿ ಹೇಳಿಕೊಳ್ಳುವಂಥ ಲಾಭ ಅದರಿಂದ ಕಂಡಿಲ್ಲ. ಕಾಲನ್ನು ಮಿಷನ್ ಆಡಿಸಿದರೆ ಸ್ನಾಯುವಿಗೆ ಕೆಲಸ ಎಲ್ಲಿಂದ ಬರಬೇಕು? ಇಲ್ಲಿ ಆ ಮಿಷನ್ನೇ ಇಟ್ಟಿಲ್ಲ. ಕರೆಂಟಿನ ಮಿಷನ್ ಒಂದಿದೆ. ಅದನ್ನು ನನಗೆ ಹಿಡಿದದ್ದು ನೋವಿಗೆ ಅಲ್ಲ, ಆ ಸೋತ ತೊಡೆ ಬಿಗಿಯಲಿ ಅಂತ. ಕರೆಂಟ್ ಬಂದಾಗ ನಾನೂ ಜೊತೆಗೆ ಬಿಗಿ ಹಿಡಿಯಬೇಕು. ತೊಡೆ ತಾನಾಗಿ ಬಿಗಿಯುವುದು ಕಲಿತ ಮೇಲೆ ಅದನ್ನೂ ನಿಲ್ಲಿಸಿದರು. ಇನ್ನೂ ಸ್ವಲ್ಪ ದಿನ ಇಟ್ಟು ದುಡ್ಡು ತೆಗೆದುಕೊಳ್ಳಬಹುದಾಗಿತ್ತು, ತೆಗೆದುಕೊಳ್ಳಲಿಲ್ಲ.

ಬಸ್ಸಿನ ಮೆಟ್ಟಿಲಿನ ಕಥೆ ಹೇಳದೆ ಈ ವಿಮರ್ಶೆ ಮುಗಿಯುವುದಿಲ್ಲ. ಮೆಟ್ಟಿಲಿಗೆ ಒಂದು ಸೂತ್ರ ಇದೆ: ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಮನೆ ಮೆಟ್ಟಿಲಿಗೆ ಇದು ಸಾಕು. ಆದರೆ ನಮ್ಮ ಸಾರಿಗೆ ಬಸ್ಸಿನ ಮೊದಲ ಮೆಟ್ಟಿಲು ಮನೆಯದಕ್ಕಿಂತ ಎಷ್ಟೋ ಎತ್ತರ. ಅದರಲ್ಲೂ ಹಳ್ಳಿ ಸ್ಟಾಪಿನಲ್ಲಿ ಬಸ್ಸು ರಸ್ತೆ ಮೇಲೆ ನಿಂತು ನಾವು ಮಣ್ಣಿನ ಅಂಚಿನಲ್ಲಿ ನಿಂತಿದ್ದರೆ ಇನ್ನೂ ಎತ್ತರ. ಆ ಹುಡುಗಿ ಒಂದು ದಿನ ಟೇಪ್ ಹಿಡಿದುಕೊಂಡು ಸಬರ್ಬನ್ ಬಸ್ ಸ್ಟ್ಯಾಂಡಿಗೆ ಹೋಗಿ ನಿಂತಿದ್ದ ಬಸ್ಸಿನ ಮೆಟ್ಟಿಲು ಅಳೆದುಕೊಂಡು ಬಂದಿದ್ದರು. ನಾನು ಹೇಳಿರಲಿಲ್ಲ, ಅವರಾಗಿಯೇ ಹೋಗಿದ್ದು. ಸೆಂಟರಿನಲ್ಲಿ ಮರದ ಹಲಗೆ ಪೆಟ್ಟಿಗೆಗಳಿವೆ, ಒಂದರ ಮೇಲೊಂದು ಜೋಡಿಸುವಂಥವು. ಮೊದಲು ಒಂದೇ ಪೆಟ್ಟಿಗೆ. ಅದರ ಮೇಲೆ ಬಲಗಾಲು ಇಟ್ಟು, ಎಡಗಾಲಿನಿಂದ ನೆಲ ತಳ್ಳದೆ, ಬಲಗಾಲಿನ ಬಲದಲ್ಲೇ ಏಳಬೇಕು. ಮಂಡಿ ಒಳಕ್ಕೆ ವಾಲಬಾರದು, ಕಾಲಿನ ಎರಡನೇ ಬೆರಳಿನ ನೇರಕ್ಕೇ ಇರಬೇಕು. ಇಳಿಯುವಾಗ ದಡಕ್ ಅಂತ ಬೀಳಬಾರದು, ಮೂರು ಎಣಿಸುವಷ್ಟು ನಿಧಾನಕ್ಕೆ ಇಳಿಯಬೇಕು. ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ ಅಂತ ಆಗ ಗೊತ್ತಾಯಿತು. ಅದು ಸಲೀಸಾದ ಮೇಲೆ ಇನ್ನೊಂದು ಪೆಟ್ಟಿಗೆ.

ಬಸ್ಸಿನ ಎತ್ತರಕ್ಕೆ ಬಂದ ದಿನ ಬಾಗಿಲ ಪಕ್ಕದ ಕಂಬಿಯ ಹಾಗೆ ಒಂದು ಕೋಲನ್ನು ಗೋಡೆಗೆ ಕಟ್ಟಿದ್ದರು. ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಬಟ್ಟೆ ಚೀಲ, ಅದರೊಳಗೆ ಎರಡು ನೀರಿನ ಬಾಟಲಿ. ಊರಿಗೆ ಹೋಗುವವರು ಬರಿಗೈಯಲ್ಲಿ ಹೋಗುತ್ತಾರಾ ಸಾರ್ ಅಂದರು. ಹತ್ತಿದೆ. ಬೆವರು ಕಿತ್ತುಕೊಂಡು ಬಂತು, ಆದರೂ ಹತ್ತಿದೆ. ಅಲ್ಲಿದ್ದ ಬೇರೆ ಪೇಷೆಂಟುಗಳೂ ಚಪ್ಪಾಳೆ ಹೊಡೆದರು. ಅದಾಗಿ ಸ್ವಲ್ಪ ದಿನಕ್ಕೆ ಪಾಂಡವಪುರದ ಬಸ್ ಹತ್ತಿ ಊರಿಗೆ ಹೋದೆ. ಕಂಡಕ್ಟರ್ ಹುಡುಗ ಕೈ ಚಾಚಿದ. ಬೇಡ ಕಣಪ್ಪ, ಹತ್ತುತ್ತೀನಿ ಅಂತ ಹತ್ತಿದೆ. ಗದ್ದೆ ಬದು ಇನ್ನೂ ಪೂರ್ತಿ ಸಲೀಸಿಲ್ಲ, ಕೋಲು ಹಿಡಿದು ನಡೆಯುತ್ತೇನೆ. ಮೆತ್ತೆ ಮೇಲೆ ಒಂಟಿಕಾಲಲ್ಲಿ ನಿಲ್ಲುವ ವ್ಯಾಯಾಮ ಅದಕ್ಕೇ ಇನ್ನೂ ನಡೆಯುತ್ತಿದೆ. ಕೆರೆ ಸುತ್ತು ಮುಗಿಸುತ್ತೇನೆ, ನಡುವೆ ಒಂದು ಕಲ್ಲುಬೆಂಚಿನಲ್ಲಿ ಕೂತು ಏಳುತ್ತೇನೆ.

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬಹುದಾ ಅಂತ ಎಲ್ಲರೂ ಕೇಳುತ್ತಾರೆ. ನಾನೂ ಕೇಳಿದೆ. ಆಗುತ್ತದೆ ಅಂತ ಸುಳ್ಳು ಆಸೆ ಕೊಡಲಿಲ್ಲ, ಆಗುವುದೇ ಇಲ್ಲ ಅಂತಲೂ ಹೇಳಲಿಲ್ಲ. ಕೆಲವರಿಗೆ ಅಷ್ಟು ಮಡಚುತ್ತದೆ, ಬಹಳ ಜನಕ್ಕೆ ಇಲ್ಲ. ಮಡಚಿದರೂ ದಿನಾ ಕೂರುವುದು, ಕುಕ್ಕುರುಗಾಲಲ್ಲಿ ಕೂರುವುದು ಪ್ಲಾಸ್ಟಿಕ್ ಪದರಕ್ಕೆ ಒಳ್ಳೆಯದಲ್ಲ, ನಿಮ್ಮ ಸರ್ಜನ್ ಹೇಳಿದ ಹಾಗೆ ನಡೆಯಿರಿ ಅಂದರು. ಆದರೆ ನೆಲಕ್ಕೆ ಬಿದ್ದರೆ ಏಳುವುದು ಹೇಗೆ ಅಂತ ಮಾತ್ರ ಕಲಿಸಿಯೇ ಬಿಟ್ಟರು: ಮಗ್ಗುಲಾಗಿ, ಕೈಯೂರಿ, ಕುರ್ಚಿ ಹಿಡಿದು, ಒಳ್ಳೆ ಕಾಲಿನ ಮೇಲೆ ಭಾರ ಹಾಕಿ. ಊರಿನಲ್ಲಿ ಹಳೇ ಕಾಲದ ಕಕ್ಕಸು ಇರುವವರು ಆಪರೇಷನ್‌ಗೆ ಮುಂಚೆಯೇ ಕಮೋಡ್ ಹಾಕಿಸಿಕೊಳ್ಳಿ, ಇಲ್ಲಾಂದರೆ ಕಮೋಡ್ ಕುರ್ಚಿ ತಂದಿಟ್ಟುಕೊಳ್ಳಿ. ಇದು ನನ್ನ ಮಾತು.

ದುಡ್ಡಿನ ವಿಚಾರ. ಮನೆಗೆ ಬಂದರೆ ಜಾಸ್ತಿ, ನಾವೇ ಹೋದರೆ ಕಡಿಮೆ. ಮೊದಲ ದಿನವೇ ಎರಡೂ ರೇಟು ಬರೆದು ಕೊಡುತ್ತಾರೆ, ಪ್ರತಿ ಸಲಕ್ಕೂ ರಸೀದಿ ಕೊಡುತ್ತಾರೆ. ಇಷ್ಟು ಸಲಕ್ಕೆ ಮುಂಗಡ ಕಟ್ಟಿ ಅನ್ನುವ ಒತ್ತಾಯ ಇಲ್ಲ. ಮಂಡಿ ಇಂಪ್ಲಾಂಟಿನ, ಅಂದರೆ ಒಳಗೆ ಕೂರಿಸುವ ಕೃತಕ ಕೀಲಿನ ಬೆಲೆಗೆ ಕೇಂದ್ರ ಸರ್ಕಾರ 2017ರ ಆಗಸ್ಟಿನಲ್ಲಿ ಮಿತಿ ಹಾಕಿತು. ಅಲ್ಲಿಯವರೆಗೆ ಸರಾಸರಿ ಒಂದೂವರೆ ಲಕ್ಷ ದಾಟುತ್ತಿದ್ದ ಕೋಬಾಲ್ಟ್ ಕ್ರೋಮಿಯಂ ಇಂಪ್ಲಾಂಟ್ ಆಗ 54,720 ರೂಪಾಯಿಗೆ ಇಳಿಯಿತು, ಜಿಎಸ್‌ಟಿ ಬೇರೆ. ಫಿಸಿಯೋಥೆರಪಿಗೆ ಅಂಥ ಮಿತಿ ಯಾವುದೂ ಇಲ್ಲ. ಆಪರೇಷನ್‌ಗೆ ದುಡ್ಡು ಹೊಂದಿಸುವಾಗಲೇ ಮೂರು ತಿಂಗಳ ಫಿಸಿಯೋಗೂ ತೆಗೆದಿಡಿ. ಬದಲಿಸಿದ ಮಂಡಿಗಳು ನೂರರಲ್ಲಿ 82 ಜನಕ್ಕೆ 25 ವರ್ಷ ಬಾಳುತ್ತವೆ ಅಂತ 2019ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೆಕ್ಕ ಇದೆ. ಅಷ್ಟು ವರ್ಷ ಬಳಸುವ ಕಾಲಿಗೆ ಇದು ದಂಡದ ಖರ್ಚಲ್ಲ.

ಇನ್ನು ಕುಂದುಗಳು. ಬಾಗಿಲಲ್ಲೇ ಎರಡು ಮೆಟ್ಟಿಲಿವೆ, ಹಿಡಿದುಕೊಳ್ಳಲು ಕಂಬಿ ಇಲ್ಲ, ಇಳಿಜಾರಿನ ದಾರಿಯೂ ಇಲ್ಲ. ಮಂಡಿ ನೋವಿನವರೇ ಬರುವ ಜಾಗದಲ್ಲಿ ಇದು ಮೊದಲು ಆಗಬೇಕಾದ ಕೆಲಸ. ನಾನು ಹೇಳಿದ್ದೇನೆ, ಮಾಡಿಸುತ್ತೇವೆ ಅಂದಿದ್ದಾರೆ. ಸಂಜೆ ಆರರ ಮೇಲೆ ಕೆಲಸ ಮುಗಿಸಿ ಬರುವ ಬೆನ್ನುನೋವಿನ ಹುಡುಗರ ದಂಡು, ಒಬ್ಬರೇ ಫಿಸಿಯೋ ಇಬ್ಬರು ಮೂವರನ್ನು ನೋಡಬೇಕಾಗುತ್ತದೆ. ಸೈಕಲ್ ಇರುವುದು ಒಂದೇ, ಸರದಿಗೆ ಕಾಯಬೇಕು. ಮನೆಯಲ್ಲಿ ಮಾಡಲು ಕೊಡುವ ವ್ಯಾಯಾಮದ ಹಾಳೆ ಇಂಗ್ಲಿಷಿನಲ್ಲಿ ಅಚ್ಚಾಗಿದೆ. ನನಗೆ ಆ ಹುಡುಗಿ ಪಕ್ಕದಲ್ಲೇ ಕನ್ನಡದಲ್ಲಿ ಬರೆದುಕೊಟ್ಟರು, ಗೆರೆ ಎಳೆದು ಚಿತ್ರವನ್ನೂ ಬಿಡಿಸಿದರು. ಎಲ್ಲರಿಗೂ ಹಾಗೆ ಬರೆಯುತ್ತಾ ಕೂರಲು ಆಗುತ್ತದಾ? ಹಳ್ಳಿಯಿಂದ ಬರುವ ಹೆಂಗಸರು ಎಷ್ಟೊಂದು ಜನ ಇದ್ದಾರೆ, ಕನ್ನಡದಲ್ಲೇ ಅಚ್ಚು ಹಾಕಿಸಿ ಅಂತ ಇಲ್ಲಿಂದಲೂ ಕೇಳಿಕೊಳ್ಳುತ್ತೇನೆ.

ಎಲ್ಲರಿಗೂ ನನ್ನ ಹಾಗೇ ಆಗುತ್ತದೆ ಅಂತ ಹೇಳಲಾರೆ. ಆಪರೇಷನ್ ಸರಿಯಾಗಿ ಆಗಿದ್ದರೂ ನೂರಕ್ಕೆ ಹತ್ತರಿಂದ ಇಪ್ಪತ್ತು ಜನಕ್ಕೆ ನೋವು ಬಹಳ ಕಾಲ ಉಳಿದುಬಿಡುತ್ತದೆ. ನನ್ನ ಪಕ್ಕದ ಬೆಂಚಿನಲ್ಲಿ ಬರುತ್ತಿದ್ದ ಕೆ.ಆರ್.ಪೇಟೆ ಕಡೆಯ ಅಮ್ಮನಿಗೆ ಹಾಗೇ ಆಗಿತ್ತು. ನೀವು ಸರಿಯಾಗಿ ಮಾಡುತ್ತಿಲ್ಲ ಅಂತ ಇವರು ಒಂದು ದಿನವೂ ಆಕೆಯನ್ನು ಬಯ್ಯಲಿಲ್ಲ. ಮಂಡಿ 90ರ ಆಸುಪಾಸಿನಲ್ಲೇ ಸಿಕ್ಕಿಕೊಂಡಿದೆ, ಆರು ವಾರ ದಾಟಿದೆ, ಇನ್ನು ತಡ ಮಾಡುವುದು ಬೇಡ ಅಂತ ತಾವೇ ಚೀಟಿ ಬರೆದು ಸರ್ಜನ್ ಹತ್ತಿರ ಕಳಿಸಿದರು. ಅರಿವಳಿಕೆ ಕೊಟ್ಟು ಮಂಡಿ ಮಡಚಿಸುವ ದಾರಿ ಇದೆ, ಅದಕ್ಕೆ ಹೊತ್ತು ಮೀರಬಾರದು ಅಂತ ಆಕೆಯ ಸೊಸೆಗೆ ತಿಳಿಯುವ ಹಾಗೆ ಹೇಳಿದರು. ಗಿರಾಕಿ ಕೈಬಿಟ್ಟು ಹೋಗುತ್ತಾರೆ ಅಂತ ನೋಡಲಿಲ್ಲ.

ಹೋಗುವವರು ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡರ ಒಳಗೆ ಹೋಗಿ, ಜನ ಕಡಿಮೆ ಇರುತ್ತಾರೆ. ಭಾನುವಾರ ರಜಾ. ಮೊದಲ ಸಲ ಹೋಗುವಾಗ ಸಡಿಲ ಚಡ್ಡಿಯೋ ಪಂಚೆಯೋ, ಹೆಂಗಸರು ಸಡಿಲ ಪ್ಯಾಂಟೋ ಹಾಕಿಕೊಂಡು ಹೋಗಿ, ಮಂಡಿ ಕಾಣಬೇಕು. ಡಿಸ್ಚಾರ್ಜ್ ಸಮರಿ, ಎಕ್ಸ್‌ರೇ, ಮಾತ್ರೆ ಚೀಟಿ ಮೂರನ್ನೂ ಜೊತೆಗಿಟ್ಟುಕೊಳ್ಳಿ. ಸರ್ಜನ್ ಏನಾದರೂ ಬೇಡ ಅಂದಿದ್ದರೆ ಅದರಲ್ಲೇ ಬರೆದಿರುತ್ತಾರೆ. ಇವರು ಅದನ್ನು ಓದದೆ ಕಾಲು ಮುಟ್ಟುವುದಿಲ್ಲ.